ಸ್ಪಿತಿ ಕಣಿವೆಯಲ್ಲಿ ಜಲ್ಲಿ ಹಾದಿಯ ಸೈಕಲ್ ಪ್ರವಾಸ: ಮಾರ್ಗಗಳು, ಪರವಾನಗಿ ಹಾಗೂ ಮುನ್ನೆಚ್ಚರಿಕೆಗಳು

ಸಾರ್ವಜನಿಕ ಮಾಹಿತಿ

1. ಪೀಠಿಕೆ

ಹಿಮಾಚಲ ಪ್ರದೇಶ ರಾಜ್ಯದ ಲಾಹೌಲ್ ಮತ್ತು ಸ್ಪಿತಿ ಜಿಲ್ಲೆಗೆ ಸೇರಿದ ಸ್ಪಿತಿ ಕಣಿವೆಯು ಡಾಂಬರು, ಜಲ್ಲಿ ಮತ್ತು ಮಣ್ಣಿನ ರಸ್ತೆಗಳು ಒಂದರ ನಂತರ ಒಂದರಂತೆ ಬರುವ ಎತ್ತರದ ಪರ್ವತ ಕಣಿವೆಯಾಗಿದೆ. ಗ್ರಾವೆಲ್ ಬೈಕ್ ಎಂದು ಕರೆಯಲಾಗುವ, ಅಗಲ ಟೈರುಗಳ ಸೈಕಲ್ಲುಗಳಲ್ಲಿ ದೂರ ಪ್ರವಾಸ ಕೈಗೊಳ್ಳುವ ಹವ್ಯಾಸವು ಹೆಚ್ಚುತ್ತಿದ್ದು, ಕರ್ನಾಟಕದಿಂದಲೂ ಸೈಕಲ್ ಸವಾರರು ಈ ಕಣಿವೆಗೆ ತೆರಳುತ್ತಿದ್ದಾರೆ. ಅಂತಹವರ ಅನುಕೂಲಕ್ಕಾಗಿ ಮಾರ್ಗಗಳು, ಋತು, ಪರವಾನಗಿ, ಆರೋಗ್ಯ ಮತ್ತು ಸಲಕರಣೆಗಳಿಗೆ ಸಂಬಂಧಿಸಿದ ವಿವರಗಳನ್ನು ಇಲ್ಲಿ ಒದಗಿಸಲಾಗಿದೆ.

ಸಾರ್ವಜನಿಕರು ಮೊದಲಿಗೆ ಗಮನಿಸಬೇಕಾದ ಅಂಶವೊಂದಿದೆ. ಬಯಲು ಸೀಮೆಯಲ್ಲಿ ಸೈಕಲ್ ಪ್ರವಾಸವನ್ನು ಕಿಲೋಮೀಟರುಗಳ ಲೆಕ್ಕದಲ್ಲಿ ಯೋಜಿಸುವುದು ವಾಡಿಕೆ. ಸ್ಪಿತಿಯಲ್ಲಿ ಈ ಲೆಕ್ಕವು ಸಾಲದು. ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ತಂಗಲಾಗುತ್ತದೆ ಎಂಬುದೇ ಇಲ್ಲಿ ಪ್ರವಾಸವನ್ನು ನಿರ್ಧರಿಸುವ ಅಂಶವಾಗಿದೆ. ದೂರದ ಲೆಕ್ಕ ತಪ್ಪಿದಲ್ಲಿ ಒಂದು ದಿನ ತಡವಾಗಬಹುದು. ಎತ್ತರದ ಲೆಕ್ಕ ತಪ್ಪಿದಲ್ಲಿ ಪ್ರಾಣಕ್ಕೆ ಅಪಾಯವಾಗಬಹುದು.

2. ಕಣಿವೆಯ ಪರಿಚಯ

ಸ್ಪಿತಿ ನದಿಯು ಕುಂಜುಮ್ ಪರ್ವತ ಶ್ರೇಣಿಯಲ್ಲಿ ಹುಟ್ಟಿ, ಆಗ್ನೇಯ ದಿಕ್ಕಿಗೆ ಹರಿದು, ಕಿನ್ನೌರ್ ಜಿಲ್ಲೆಯ ಖಾಬ್ ಎಂಬಲ್ಲಿ ಸಟ್ಲೆಜ್ ನದಿಯನ್ನು ಸೇರುತ್ತದೆ. ಕಣಿವೆಯು ಹಿಮಾಲಯದ ಮುಖ್ಯ ಶ್ರೇಣಿಯ ಮಳೆ ನೆರಳಿನಲ್ಲಿರುವುದರಿಂದ ಮುಂಗಾರು ಮಳೆಯು ಇಲ್ಲಿ ಬಹಳ ಕಡಿಮೆ. ಈ ಕಾರಣದಿಂದ ಇದನ್ನು ಶೀತ ಮರುಭೂಮಿ ಎಂದು ವರ್ಗೀಕರಿಸಲಾಗಿದೆ. ಹಿಮ ಕರಗಿದ ನೀರನ್ನು ಕಾಲುವೆಗಳ ಮೂಲಕ ತಂದು ಬಾರ್ಲಿ ಮತ್ತು ಬಟಾಣಿ ಬೆಳೆಯಲಾಗುತ್ತದೆ. ಉಪವಿಭಾಗದ ಆಡಳಿತ ಕೇಂದ್ರವಾದ ಕಾಜಾ ಪಟ್ಟಣವು ಸುಮಾರು 3,650 ಮೀ. ಎತ್ತರದಲ್ಲಿದೆ.

ಹೋಲಿಕೆಗಾಗಿ ಹೇಳುವುದಾದರೆ, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀ. ಸ್ಪಿತಿ ಪ್ರವಾಸ ಆರಂಭವಾಗುವ ರೆಕಾಂಗ್ ಪಿಯೊ ಪಟ್ಟಣವೇ ಸುಮಾರು 2,290 ಮೀ. ಎತ್ತರದಲ್ಲಿದೆ. ಅಂದರೆ ಕರ್ನಾಟಕದ ನಿವಾಸಿಯು ತನ್ನ ರಾಜ್ಯದ ಯಾವುದೇ ಸ್ಥಳದಲ್ಲಿ ಅನುಭವಿಸದ ಎತ್ತರವನ್ನು ಸೈಕಲ್ ಏರುವ ಮೊದಲೇ ತಲುಪಿರುತ್ತಾನೆ. ಕಾಜಾದಲ್ಲಿ ಗಾಳಿಯ ಒತ್ತಡವು ಸಮುದ್ರ ಮಟ್ಟದ ಒತ್ತಡದ ಸುಮಾರು ಮೂರನೇ ಎರಡು ಭಾಗದಷ್ಟಿರುತ್ತದೆ. ಕುಂಜುಮ್ ಕಣಿವೆ ದಾರಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಇರುತ್ತದೆ. ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

3. ಪ್ರವಾಸದ ದಿಕ್ಕು

ಸ್ಪಿತಿಗೆ ಎರಡು ಪ್ರವೇಶ ದ್ವಾರಗಳಿವೆ.

(ಅ) ಕಿನ್ನೌರ್ ಕಡೆಯ ಪ್ರವೇಶ: ಶಿಮ್ಲಾ, ರೆಕಾಂಗ್ ಪಿಯೊ, ನಾಕೊ, ಸುಮ್ಡೊ, ತಾಬೊ ಮಾರ್ಗವಾಗಿ ಕಾಜಾ.

(ಆ) ಮನಾಲಿ ಕಡೆಯ ಪ್ರವೇಶ: ಮನಾಲಿ, ಗ್ರಾಂಫು, ಛತ್ರು, ಬಾತಲ್, ಕುಂಜುಮ್, ಲೋಸರ್ ಮಾರ್ಗವಾಗಿ ಕಾಜಾ.

ಖಾಬ್‌ನಿಂದ ಗ್ರಾಂಫುವಿನವರೆಗಿನ ರಸ್ತೆಯು ರಾಷ್ಟ್ರೀಯ ಹೆದ್ದಾರಿ 505 ಆಗಿದ್ದು, ಎರಡೂ ದ್ವಾರಗಳನ್ನು ಕಾಜಾ ಮೂಲಕ ಜೋಡಿಸುತ್ತದೆ. ಮನಾಲಿ ಕಡೆಯ ದಾರಿಯು ಹತ್ತಿರವಾದುದರಿಂದ ರಜೆ ಕಡಿಮೆ ಇರುವವರು ಅದನ್ನೇ ಆರಿಸಿಕೊಳ್ಳುವುದು ಸಾಮಾನ್ಯ. ಆದರೆ ಸೈಕಲ್ ಸವಾರರು ಕಿನ್ನೌರ್ ಕಡೆಯಿಂದ ಪ್ರವೇಶಿಸಿ, ಕುಂಜುಮ್ ದಾಟಿ ಮನಾಲಿ ಕಡೆಗೆ ನಿರ್ಗಮಿಸುವುದು ಸೂಕ್ತ. ಕಾರಣಗಳು ಈ ಕೆಳಕಂಡಂತಿವೆ.

ಮನಾಲಿಯ ಎತ್ತರ ಸುಮಾರು 2,050 ಮೀ. ಅಲ್ಲಿಂದ ಹೊರಟವರು ಮೊದಲ ರಾತ್ರಿ ಛತ್ರುವಿನಲ್ಲಿ, ಎಂದರೆ ಸುಮಾರು 3,350 ಮೀ. ಎತ್ತರದಲ್ಲಿ, ಎರಡನೆಯ ರಾತ್ರಿ ಬಾತಲ್‌ನಲ್ಲಿ, ಎಂದರೆ ಸುಮಾರು 3,950 ಮೀ. ಎತ್ತರದಲ್ಲಿ ತಂಗಿ, ಮೂರನೆಯ ದಿನವೇ ಸುಮಾರು 4,550 ಮೀ. ಎತ್ತರದ ಕುಂಜುಮ್ ಏರಬೇಕಾಗುತ್ತದೆ. ವಾಹನದಲ್ಲಿ ಬರುವವರು ಇಷ್ಟನ್ನೂ ಒಂದೇ ದಿನದಲ್ಲಿ ಏರುತ್ತಾರೆ. ದೇಹವು ಈ ವೇಗಕ್ಕೆ ಒಗ್ಗಿಕೊಳ್ಳಲಾರದು. ಕುಂಜುಮ್ ದಾಟಿದ ಮೇಲೆ ಅಸ್ವಸ್ಥರಾದಲ್ಲಿ ಕಾಜಾಕ್ಕೆ ಇಳಿಯಬಹುದಾದರೂ ಅದೂ 3,650 ಮೀ. ಎತ್ತರದ ಸ್ಥಳವೇ ಆಗಿದೆ. ಅದಕ್ಕಿಂತ ಬಹಳ ಕೆಳಗಿಳಿಯಬೇಕೆಂದರೆ ಕುಂಜುಮ್ ಅನ್ನು ಮತ್ತೊಮ್ಮೆ ಹತ್ತಬೇಕು, ಇಲ್ಲವೇ ಕಿನ್ನೌರ್ ಕಡೆಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಬೇಕು.

ಕಿನ್ನೌರ್ ಕಡೆಯಿಂದ ಬರುವವರಿಗೆ ಎತ್ತರವು ಹಂತ ಹಂತವಾಗಿ ಒದಗುತ್ತದೆ. ಅತಿ ಎತ್ತರದ ಕುಂಜುಮ್, ಪ್ರವಾಸದ ಕೊನೆಯ ಭಾಗದಲ್ಲಿ, ದೇಹವು ಒಗ್ಗಿಕೊಂಡ ನಂತರ ಬರುತ್ತದೆ. ಈ ಮಾರ್ಗದಲ್ಲಿಯೂ ಎಚ್ಚರಿಕೆ ಅಗತ್ಯವಿರುವ ಒಂದು ಸ್ಥಳವಿದೆ. ಸುಮಾರು 3,660 ಮೀ. ಎತ್ತರದ ನಾಕೊ ಗ್ರಾಮವು ಅದರ ಮುಂದಿನ ತಾಬೊಗಿಂತ ಎತ್ತರದಲ್ಲಿದೆ. ತಾಬೊದಲ್ಲಿ ಅಸ್ವಸ್ಥರಾಗಿ ಹಿಂದಿರುಗುವವರು ನಾಕೊ ಏರನ್ನು ಮತ್ತೆ ದಾಟಬೇಕಾಗುವುದರಿಂದ, ಸೈಕಲ್ ತುಳಿಯದೆ ವಾಹನದಲ್ಲಿಯೇ ದಾಟತಕ್ಕದ್ದು.

4. ಮಾರ್ಗಗಳ ವಿವರ

ದೂರ ಮತ್ತು ಎತ್ತರಗಳನ್ನು ಅಂದಾಜಿನಲ್ಲಿ ನೀಡಲಾಗಿದೆ. ಭೂಕುಸಿತ ಹಾಗೂ ರಸ್ತೆ ಕಾಮಗಾರಿಗಳಿಂದ ರಸ್ತೆಯ ಮೇಲ್ಮೈ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

4.1 ರೆಕಾಂಗ್ ಪಿಯೊ – ನಾಕೊ – ತಾಬೊ – ಕಾಜಾ (ಸುಮಾರು 200 ಕಿ.ಮೀ.)

ಬಹುಭಾಗ ಡಾಂಬರು ರಸ್ತೆಯಾಗಿದ್ದು, ಭೂಕುಸಿತವಾದ ಕಡೆಗಳಲ್ಲಿ ಜಲ್ಲಿ ಮತ್ತು ಹುಡಿ ಮಣ್ಣಿನ ಹಾದಿಯಿರುತ್ತದೆ. ಖಾಬ್‌ನ ಸೇತುವೆಯ ನಂತರ ರಸ್ತೆಯು ತಿರುವುಗಳ ಮೂಲಕ ನಾಕೊವರೆಗೆ ಒಂದು ಸಾವಿರ ಮೀಟರಿಗೂ ಹೆಚ್ಚು ಏರುತ್ತದೆ. ನೆರಳಿಲ್ಲದ ಏರಾದ ಕಾರಣ ಬೆಳಗಿನ ಜಾವವೇ ಹೊರಡತಕ್ಕದ್ದು. ನಾಕೊದ ಮುಂದಿರುವ ಮಲ್ಲಿಂಗ್ ತೊರೆಯ ಆಸುಪಾಸು ಕಲ್ಲುಗಳು ಉರುಳುವ ಪ್ರದೇಶವಾಗಿದ್ದು, ಅಲ್ಲಿ ನಿಂತು ವಿಶ್ರಮಿಸಬಾರದು. ತಾಬೊದ ಬೌದ್ಧ ವಿಹಾರವು ಕ್ರಿ.ಶ. 996ರಲ್ಲಿ ಸ್ಥಾಪನೆಯಾದುದಾಗಿದೆ. ತಾಬೊದಿಂದ ಕಾಜಾ 47 ಕಿ.ಮೀ. ದೂರದಲ್ಲಿದ್ದು, ಹೆಚ್ಚು ಏರಿಳಿತಗಳಿಲ್ಲ. ಆದರೆ ಮಧ್ಯಾಹ್ನದ ನಂತರ ಬಲವಾದ ಗಾಳಿ ಬೀಸುತ್ತದೆ.

4.2 ಧನ್ಕರ್ ಕವಲು (ಹೆದ್ದಾರಿಯಿಂದ ಸುಮಾರು 8 ಕಿ.ಮೀ.)

ತಾಬೊ ಮತ್ತು ಕಾಜಾ ನಡುವಿನ ಸಿಚ್ಲಿಂಗ್ ಬಳಿಯಿಂದ ಕಡಿದಾದ ರಸ್ತೆಯು ಸುಮಾರು 3,890 ಮೀ. ಎತ್ತರದ ಧನ್ಕರ್ ಗ್ರಾಮಕ್ಕೆ ಏರುತ್ತದೆ. ಇದು ಹಿಂದೆ ಸ್ಪಿತಿಯ ರಾಜಧಾನಿಯಾಗಿತ್ತು. ಇಲ್ಲಿಂದ ಸ್ಪಿತಿ ಮತ್ತು ಪಿನ್ ನದಿಗಳ ಸಂಗಮ ಕಾಣುತ್ತದೆ. ಹಗಲಿನಲ್ಲಿ ಏರಿ, ರಾತ್ರಿಗೆ ಕೆಳಗಿಳಿಯುವುದು ಒಗ್ಗಿಕೊಳ್ಳುವ ದೃಷ್ಟಿಯಿಂದ ಉತ್ತಮ ಅಭ್ಯಾಸವಾಗಿದೆ.

4.3 ಪಿನ್ ಕಣಿವೆ: ಅತರ್ಗು – ಮುಧ್ (ಒಂದು ಕಡೆಗೆ ಸುಮಾರು 33 ಕಿ.ಮೀ.)

ಅತರ್ಗು ಸೇತುವೆಯಲ್ಲಿ ಹೆದ್ದಾರಿಯನ್ನು ಬಿಟ್ಟು, ಪಿನ್ ನದಿಯ ದಡದಲ್ಲಿ ಸಾಗುವ ಮಾರ್ಗ. ಮುಧ್ ಗ್ರಾಮವು ಸುಮಾರು 3,800 ಮೀ. ಎತ್ತರದಲ್ಲಿದೆ. ಏರು ನಿಧಾನವಾಗಿದ್ದು, ಜಲ್ಲಿ ಹಾದಿಗೆ ಹೊಸಬರಾದವರಿಗೆ ಈ ಮಾರ್ಗವು ಅನುಕೂಲಕರ. ನದಿಯಾಚೆಯ ಪಿನ್ ಕಣಿವೆ ರಾಷ್ಟ್ರೀಯ ಉದ್ಯಾನವು 1987ರಲ್ಲಿ ಘೋಷಿತವಾಗಿದೆ. ಮುಧ್‌ನಿಂದ ಮುಂದಿನ ಕಣಿವೆ ದಾರಿಗಳು ಕಾಲ್ನಡಿಗೆಯ ಚಾರಣಕ್ಕೆ ಮೀಸಲಾದವು; ಸೈಕಲ್ಲಿಗೆ ಯೋಗ್ಯವಲ್ಲ.

4.4 ಕಾಜಾ – ಕೀ – ಕಿಬ್ಬರ್ – ಚಿಚಮ್ (ಒಂದು ಕಡೆಗೆ ಸುಮಾರು 25 ಕಿ.ಮೀ.)

ಕೀ ವಿಹಾರವು ಸುಮಾರು 4,160 ಮೀ. ಹಾಗೂ ಕಿಬ್ಬರ್ ಗ್ರಾಮವು ಸುಮಾರು 4,270 ಮೀ. ಎತ್ತರದಲ್ಲಿವೆ. ಆಳವಾದ ಕಂದರದ ಮೇಲಿನ ಚಿಚಮ್ ಸೇತುವೆಯು 2017ರಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೂ ಮೊದಲು ಗ್ರಾಮಸ್ಥರು ತಂತಿಯ ಮೇಲೆ ಸಾಗುವ ತೊಟ್ಟಿಲಿನಲ್ಲಿ ಕುಳಿತು ಕಂದರ ದಾಟುತ್ತಿದ್ದರು. ಸೇತುವೆಯ ಆಚೆಯ ಹಾದಿಯು ನದಿಯ ಎಡದಂಡೆಯ ಎತ್ತರದ ಹುಲ್ಲುಗಾವಲುಗಳ ಮೂಲಕ ಲೋಸರ್ ಕಡೆಗೆ ಮುಂದುವರಿಯುತ್ತದೆ. ಅಲ್ಲಿ ವಸತಿ ಬಹಳ ವಿರಳವಾದುದರಿಂದ, ಕಾಜಾದಲ್ಲಿ ವಿಚಾರಿಸಿದ ನಂತರವೇ ಆ ಭಾಗಕ್ಕೆ ಹೋಗತಕ್ಕದ್ದು.

4.5 ಕಾಜಾ – ಲಾಂಗ್ಜಾ – ಹಿಕ್ಕಿಮ್ – ಕೋಮಿಕ್ ಸುತ್ತು (ಒಟ್ಟು ಸುಮಾರು 45 ಕಿ.ಮೀ.)

ದೂರ ಕಡಿಮೆಯಿದ್ದರೂ ಈ ಪಟ್ಟಿಯಲ್ಲಿ ಅತಿ ಶ್ರಮದಾಯಕವಾದ ಒಂದು ದಿನದ ಮಾರ್ಗವಿದು. ಲಾಂಗ್ಜಾ ಮತ್ತು ಹಿಕ್ಕಿಮ್ ಸುಮಾರು 4,400 ಮೀ. ಹಾಗೂ ಕೋಮಿಕ್ ಸುಮಾರು 4,580 ಮೀ. ಎತ್ತರದಲ್ಲಿವೆ, ಕೋಮಿಕ್‌ನ ಎತ್ತರವು ಕುಂಜುಮ್‌ಗೆ ಸರಿಸಮಾನ. ಹಿಕ್ಕಿಮ್‌ನಲ್ಲಿ 1983ರಿಂದ ಅಂಚೆ ಕಚೇರಿಯಿದೆ. ಲಾಂಗ್ಜಾದ ಸುತ್ತಮುತ್ತ, ಹಿಂದೆ ಸಮುದ್ರವಿದ್ದ ಕಾಲದ ಜೀವಿಗಳ ಪಳೆಯುಳಿಕೆಗಳು ಕಲ್ಲುಗಳಲ್ಲಿ ದೊರೆಯುತ್ತವೆ. ಅವುಗಳನ್ನು ಎತ್ತಿಕೊಳ್ಳುವುದಾಗಲೀ ಕೊಳ್ಳುವುದಾಗಲೀ ಕೂಡದು. ಕಾಜಾ ತಲುಪಿ ಎರಡು ರಾತ್ರಿಗಳು ಕಳೆಯುವ ಮುನ್ನ ಈ ಸುತ್ತನ್ನು ಕೈಗೊಳ್ಳಬಾರದು.

4.6 ಕಾಜಾ – ಲೋಸರ್ – ಕುಂಜುಮ್ – ಬಾತಲ್ – ಛತ್ರು – ಗ್ರಾಂಫು (ಸುಮಾರು 135 ಕಿ.ಮೀ.)

ಕಾಜಾದಿಂದ ಲೋಸರ್ ಸುಮಾರು 58 ಕಿ.ಮೀ.; ಎತ್ತರ ಸುಮಾರು 4,080 ಮೀ. ಅಲ್ಲಿಂದ ಕುಂಜುಮ್‌ಗೆ ಸುಮಾರು 19 ಕಿ.ಮೀ. ಏರು, ನಂತರ ಬಾತಲ್‌ಗೆ ಸುಮಾರು 12 ಕಿ.ಮೀ. ಕಡಿದಾದ ಇಳಿಜಾರು. ಬಾತಲ್‌ನಿಂದ ಗ್ರಾಂಫುವಿನವರೆಗಿನ ಭಾಗವು ಚಂದ್ರಾ ನದಿಯ ದಂಡೆಯಲ್ಲಿದ್ದು, ಉರುಟು ಕಲ್ಲು, ಮರಳು ಹಾಗೂ ರಸ್ತೆಯ ಮೇಲೆಯೇ ಹರಿಯುವ ತೊರೆಗಳಿಂದ ಕೂಡಿದೆ. ಗಡಿ ರಸ್ತೆಗಳ ಸಂಸ್ಥೆಯು ಈ ಹೆದ್ದಾರಿಯ ವಿಸ್ತರಣೆ ಕೈಗೊಂಡಿರುವುದರಿಂದ ಕಾಮಗಾರಿಯ ವಾಹನಗಳಿಗೆ ದಾರಿ ಬಿಡತಕ್ಕದ್ದು. ಹಿಮ ಕರಗುವ ಕಾರಣ ತೊರೆಗಳ ನೀರು ಮಧ್ಯಾಹ್ನದಿಂದ ಸಂಜೆಯವರೆಗೆ ಹೆಚ್ಚುತ್ತದೆ; ಬೆಳಿಗ್ಗೆ ಮೊಣಕಾಲಿನಷ್ಟಿದ್ದ ನೀರು ಸಂಜೆಗೆ ದಾಟಲಾಗದಷ್ಟು ಏರಬಹುದು. ಎಲ್ಲ ತೊರೆಗಳನ್ನೂ ಬೆಳಿಗ್ಗೆಯೇ, ಸೈಕಲ್ಲಿನಿಂದ ಇಳಿದು ದಾಟುವುದು ಸುರಕ್ಷಿತ.

4.7 ಚಂದ್ರತಾಲ್ ಕವಲು (ಬಾತಲ್‌ನಿಂದ ಸುಮಾರು 14 ಕಿ.ಮೀ.)

ಸುಮಾರು 4,250 ಮೀ. ಎತ್ತರದ ಚಂದ್ರತಾಲ್ ಸರೋವರವನ್ನು 2005ರಲ್ಲಿ ರಾಮ್ಸಾರ್ ತಾಣವಾಗಿ ಗುರುತಿಸಲಾಗಿದೆ. ಸರೋವರದ ದಡದಲ್ಲಿ ಡೇರೆ ಹಾಕುವುದನ್ನು ನಿಷೇಧಿಸಲಾಗಿದ್ದು, ತಂಗುವ ಡೇರೆಗಳು ಕೆಲವು ಕಿಲೋಮೀಟರು ಹಿಂದಿವೆ.

5. ಮಾದರಿ ಪ್ರವಾಸ ಪಟ್ಟಿ

3,000 ಮೀ. ಎತ್ತರದ ಮೇಲೆ, ತಂಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸಬಾರದು ಹಾಗೂ ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ವಿಶ್ರಾಂತಿ ದಿನವಿರಬೇಕು ಎಂಬುದು ಪರ್ವತ ವೈದ್ಯಕೀಯದಲ್ಲಿ ಒಪ್ಪಿತವಾದ ಸೂತ್ರ. ಅದನ್ನು ಆಧರಿಸಿ ಕೆಳಗಿನ ಪಟ್ಟಿಯನ್ನು ನೀಡಲಾಗಿದೆ. ಆವರಣದಲ್ಲಿರುವುದು ತಂಗುವ ಸ್ಥಳದ ಅಂದಾಜು ಎತ್ತರ.

ದಿನ 1: ಶಿಮ್ಲಾದಿಂದ ಬಸ್ಸಿನಲ್ಲಿ ರೆಕಾಂಗ್ ಪಿಯೊ (2,290 ಮೀ.)
ದಿನ 2: ಸೈಕಲ್ಲಿನಲ್ಲಿ ಕಲ್ಪಾ (2,960 ಮೀ.)
ದಿನ 3: ಕಲ್ಪಾದಲ್ಲಿ ವಿಶ್ರಾಂತಿ
ದಿನ 4: ಪೂಹ್ (2,660 ಮೀ.)
ದಿನ 5: ನಾಕೊ (3,660 ಮೀ.)
ದಿನ 6: ನಾಕೊದಲ್ಲಿ ವಿಶ್ರಾಂತಿ
ದಿನ 7: ತಾಬೊ (3,280 ಮೀ.)
ದಿನ 8: ಕಾಜಾ (3,650 ಮೀ.)
ದಿನ 9: ಕಾಜಾದಲ್ಲಿ ವಿಶ್ರಾಂತಿ
ದಿನ 10: ಕೀ, ಕಿಬ್ಬರ್, ಚಿಚಮ್, ಕಾಜಾಕ್ಕೆ ವಾಪಸು
ದಿನ 11: ಲಾಂಗ್ಜಾ, ಹಿಕ್ಕಿಮ್, ಕೋಮಿಕ್, ಕಾಜಾಕ್ಕೆ ವಾಪಸು
ದಿನ 12: ಲೋಸರ್ (4,080 ಮೀ.)
ದಿನ 13: ಕುಂಜುಮ್ ದಾಟಿ ಬಾತಲ್ (3,950 ಮೀ.)
ದಿನ 14: ಛತ್ರು (3,350 ಮೀ.)
ದಿನ 15: ಗ್ರಾಂಫು, ಅಲ್ಲಿಂದ ಮನಾಲಿ

ಈ ಪಟ್ಟಿಯಲ್ಲಿ ಸೂತ್ರವನ್ನು ಮೀರುವ ದಿನವೆಂದರೆ ಐದನೆಯ ದಿನ ಮಾತ್ರ. ಪೂಹ್‌ನಿಂದ ನಾಕೊಗೆ ಒಂದೇ ದಿನದಲ್ಲಿ ಸಾವಿರ ಮೀಟರಿನಷ್ಟು ಏರಿ ತಂಗಬೇಕಾಗುತ್ತದೆ. ಕಲ್ಪಾದಲ್ಲಿ ಎರಡು ರಾತ್ರಿ ಹಾಗೂ ನಾಕೊದಲ್ಲಿ ಎರಡು ರಾತ್ರಿ ಸೂಚಿಸಿರುವುದು ಇದೇ ಕಾರಣಕ್ಕಾಗಿ. ದಿನಗಳನ್ನು ಕಡಿತಗೊಳಿಸಬೇಕಾದಲ್ಲಿ ಮಾರ್ಗಗಳನ್ನು ಬಿಡಬಹುದೇ ಹೊರತು ವಿಶ್ರಾಂತಿ ದಿನಗಳನ್ನು ಬಿಡಬಾರದು. ಧನ್ಕರ್ ಏರಿಗೆ ಒಂದು ದಿನ, ಪಿನ್ ಕಣಿವೆಗೆ ಎರಡು ದಿನ ಹಾಗೂ ರಸ್ತೆ ಬಂದ್ ಆಗುವ ಸಂಭವಕ್ಕಾಗಿ ಕನಿಷ್ಠ ಎರಡು ದಿನಗಳನ್ನು ಹೆಚ್ಚುವರಿಯಾಗಿ ಇರಿಸಿಕೊಳ್ಳತಕ್ಕದ್ದು.

6. ಸೂಕ್ತ ಋತು

ಕುಂಜುಮ್ ಮಾರ್ಗವು ಹಿಮದ ಕಾರಣ ಚಳಿಗಾಲದಲ್ಲಿ ಮುಚ್ಚಿದ್ದು, ಸಾಮಾನ್ಯವಾಗಿ ಜೂನ್ ವೇಳೆಗೆ ತೆರೆದು ಅಕ್ಟೋಬರ್ ಕೊನೆಯವರೆಗೆ ಸಂಚಾರಕ್ಕೆ ಲಭ್ಯವಿರುತ್ತದೆ. ಪೂರ್ಣ ಸುತ್ತಿಗೆ ಸೆಪ್ಟೆಂಬರ್ ತಿಂಗಳು ಅತ್ಯಂತ ಸೂಕ್ತ. ತೊರೆಗಳ ನೀರು ಇಳಿದಿರುತ್ತದೆ, ಮುಂಗಾರು ಹಿಂದೆ ಸರಿಯುತ್ತಿರುತ್ತದೆ.

ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಸ್ಪಿತಿಯಲ್ಲಿ ಮಳೆ ಕಡಿಮೆಯೆಂಬುದು ನಿಜವಾದರೂ, ಅಲ್ಲಿಗೆ ತಲುಪುವ ಕಿನ್ನೌರ್ ರಸ್ತೆಯು ಮಳೆಗೆ ತುತ್ತಾಗುತ್ತದೆ. 2021ರ ಆಗಸ್ಟ್ 11ರಂದು ಕಿನ್ನೌರ್ ಜಿಲ್ಲೆಯ ನಿಗುಲ್‌ಸರಿ ಬಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಬಸ್ಸು ಹಾಗೂ ಇತರ ವಾಹನಗಳಲ್ಲಿದ್ದ ಅನೇಕರು ಮೃತಪಟ್ಟರು. ಅಕಾಲಿಕ ಹಿಮಪಾತವೂ ಅಪರೂಪವಲ್ಲ. 2023ರ ಜುಲೈ ತಿಂಗಳಿನಲ್ಲಿ ಚಂದ್ರತಾಲ್ ಬಳಿ ಇನ್ನೂರೈವತ್ತಕ್ಕೂ ಹೆಚ್ಚು ಪ್ರವಾಸಿಗರು ಹಿಮದಲ್ಲಿ ಸಿಲುಕಿ, ಕುಂಜುಮ್ ರಸ್ತೆಯ ಹಿಮ ತೆರವುಗೊಳಿಸಿದ ನಂತರ ಅವರನ್ನು ಹೊರತರಲಾಯಿತು. ಆದುದರಿಂದ ಬೇಸಿಗೆಯಲ್ಲಿಯೂ ಚಳಿಗಾಲದ ಉಡುಪು ಕಡ್ಡಾಯವೆಂದು ಭಾವಿಸತಕ್ಕದ್ದು.

7. ಪರವಾನಗಿ ಮತ್ತು ದಾಖಲೆಗಳು

7.1 ಭಾರತೀಯ ನಾಗರಿಕರು: ಮೇಲ್ಕಂಡ ಮಾರ್ಗಗಳಿಗೆ ಇನ್ನರ್ ಲೈನ್ ಪರವಾನಗಿಯ ಅಗತ್ಯವಿರುವುದಿಲ್ಲ. ಭಾವಚಿತ್ರವಿರುವ ಮೂಲ ಗುರುತಿನ ಚೀಟಿಯನ್ನು ತನಿಖಾ ಠಾಣೆಗಳಲ್ಲಿ ಹಾಜರುಪಡಿಸತಕ್ಕದ್ದು.

7.2 ವಿದೇಶಿ ಪ್ರಜೆಗಳು: ರೆಕಾಂಗ್ ಪಿಯೊದಿಂದ ಸುಮ್ಡೊ ಮೂಲಕ ತಾಬೊ ಕಡೆಗೆ ಸಾಗುವ ಗಡಿ ಭಾಗಕ್ಕೆ ಸಂರಕ್ಷಿತ ಪ್ರದೇಶ ಪರವಾನಗಿ ಪಡೆಯುವುದು ಕಡ್ಡಾಯ. ಮನಾಲಿ ಕಡೆಯಿಂದ ಕಾಜಾಕ್ಕೆ ಬಂದು ಅದೇ ದಾರಿಯಲ್ಲಿ ಹಿಂದಿರುಗುವವರಿಗೆ ಇದು ಅನ್ವಯಿಸುವುದಿಲ್ಲ.

7.3 ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು ಹೊಂದಿರುವವರು: ವಿದೇಶಗಳಲ್ಲಿ ನೆಲೆಸಿ ಅಲ್ಲಿನ ಪೌರತ್ವ ಪಡೆದಿರುವ ಕನ್ನಡಿಗರು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು. ಓಸಿಐ ಕಾರ್ಡು ಇದ್ದ ಮಾತ್ರಕ್ಕೆ ಸಂರಕ್ಷಿತ ಪ್ರದೇಶ ಪ್ರವೇಶಕ್ಕೆ ವಿನಾಯಿತಿ ದೊರೆಯುವುದಿಲ್ಲ. ಅವರೂ ವಿದೇಶಿ ಪ್ರಜೆಗಳಂತೆಯೇ ಪರವಾನಗಿ ಪಡೆಯತಕ್ಕದ್ದು. ಒಂದೇ ತಂಡದಲ್ಲಿ ಭಾರತೀಯ ಸಂಬಂಧಿಕರೊಡನೆ ಬಂದವರೂ ಇದಕ್ಕೆ ಹೊರತಲ್ಲ.

7.4 ಅರ್ಜಿ ಸಲ್ಲಿಸುವ ಸ್ಥಳ: ಕಿನ್ನೌರ್ ಕಡೆಯಿಂದ ಪ್ರವೇಶಿಸುವವರು ರೆಕಾಂಗ್ ಪಿಯೊದಲ್ಲಿರುವ ಆಡಳಿತ ಕಚೇರಿಯಲ್ಲಿ, ಕಾಜಾದಿಂದ ಕಿನ್ನೌರ್ ಕಡೆಗೆ ಇಳಿಯುವವರು ಕಾಜಾದ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಪಾಸ್‌ಪೋರ್ಟ್, ವೀಸಾ ಅಥವಾ ಓಸಿಐ ಕಾರ್ಡಿನ ನಕಲು ಪ್ರತಿಗಳು, ಭಾವಚಿತ್ರಗಳು ಹಾಗೂ ಪ್ರವಾಸದ ದಿನಾಂಕಗಳ ವಿವರವನ್ನು ಸಿದ್ಧವಾಗಿರಿಸಿಕೊಳ್ಳತಕ್ಕದ್ದು. ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಂದು ಕಚೇರಿ ಮುಚ್ಚಿರುವುದರಿಂದ, ರೆಕಾಂಗ್ ಪಿಯೊ ತಲುಪುವ ದಿನವನ್ನು ಅದಕ್ಕೆ ತಕ್ಕಂತೆ ನಿಗದಿಪಡಿಸಿಕೊಳ್ಳುವುದು.

7.5 ನಿಷೇಧಿತ ವಸ್ತುಗಳು: ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ದೂರವಾಣಿ ಅಥವಾ ಉಪಗ್ರಹ ಸಂದೇಶ ಸಾಧನಗಳನ್ನು ಹೊಂದಿರುವುದು ಅಪರಾಧ. ವಿದೇಶಗಳಲ್ಲಿ ಸೈಕಲ್ ಸವಾರರು ಸಾಮಾನ್ಯವಾಗಿ ಒಯ್ಯುವ ಇಂತಹ ಸಾಧನಗಳನ್ನು ತಿಳಿಯದೆ ತಂದವರೂ ಕಾನೂನು ಕ್ರಮಕ್ಕೆ ಒಳಗಾಗಿದ್ದಾರೆ. ಸೇನಾ ನೆಲೆಗಳು ಹಾಗೂ ಗಡಿ ಭಾಗದ ಸೇತುವೆಗಳ ಛಾಯಾಚಿತ್ರ ತೆಗೆಯಬಾರದು.

8. ಎತ್ತರದ ಕಾಯಿಲೆ

ನಂದಿ ಬೆಟ್ಟವನ್ನು ಪ್ರತಿ ವಾರ ಸೈಕಲ್ಲಿನಲ್ಲಿ ಏರುವ ದೃಢಕಾಯರಿಗೂ ಎತ್ತರದ ಕಾಯಿಲೆ ಬರುತ್ತದೆ. ದೇಹದಾರ್ಢ್ಯವು ಇದಕ್ಕೆ ರಕ್ಷಣೆಯಲ್ಲ. ಬಲಶಾಲಿಗಳು ವೇಗವಾಗಿ ಏರುವುದರಿಂದ ಅವರಿಗೆ ಅಪಾಯ ಹೆಚ್ಚಾಗುವುದೂ ಉಂಟು.

(ಅ) ಆರಂಭದ ಲಕ್ಷಣಗಳು: ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ತಲೆಸುತ್ತು, ಅತಿಯಾದ ಆಯಾಸ. ಇವು ಕಂಡುಬಂದಲ್ಲಿ ಮೇಲಕ್ಕೆ ಹೋಗದೆ ಅಲ್ಲಿಯೇ ತಂಗತಕ್ಕದ್ದು. ಲಕ್ಷಣಗಳು ಪೂರ್ಣ ನಿವಾರಣೆಯಾದ ನಂತರವೇ ಮುಂದುವರಿಯತಕ್ಕದ್ದು.

(ಆ) ಅಪಾಯದ ಲಕ್ಷಣಗಳು: ಸುಮ್ಮನೆ ಕುಳಿತಾಗಲೂ ಉಸಿರಾಟದ ತೊಂದರೆ, ಬಿಡದ ಕೆಮ್ಮು, ನೊರೆಯಂತಹ ಕಫ, ಅಥವಾ ನೇರವಾಗಿ ನಡೆಯಲಾಗದಿರುವುದು, ತೊದಲು ಮಾತು, ಗೊಂದಲ. ಇವು ಶ್ವಾಸಕೋಶ ಅಥವಾ ಮಿದುಳಿನಲ್ಲಿ ನೀರು ತುಂಬಿರುವುದರ ಸೂಚನೆಗಳು. ರಾತ್ರಿಯಾಗಿದ್ದರೂ ಬೆಳಗಾಗಲೆಂದು ಕಾಯದೆ, ರೋಗಿಯನ್ನು ದೊರೆತ ವಾಹನದಲ್ಲಿ ಕೆಳಕ್ಕೆ ಇಳಿಸುವುದೇ ಮುಖ್ಯ ಚಿಕಿತ್ಸೆ. ರೋಗಿಯನ್ನು ಒಬ್ಬರನ್ನೇ ಬಿಡಬಾರದು. ಸೈಕಲ್ ತುಳಿಯಲು ಅಥವಾ ನಡೆಯಲು ಬಿಡಬಾರದು.

(ಇ) ಅಸೆಟಜೋಲಮೈಡ್ ಮಾತ್ರೆಯು ಒಗ್ಗಿಕೊಳ್ಳುವಿಕೆಗೆ ನೆರವಾಗುತ್ತದೆಯಾದರೂ, ಸಲ್ಫಾ ಔಷಧಿಗಳು ಒಗ್ಗದವರಿಗೆ ತೊಂದರೆಯುಂಟುಮಾಡಬಹುದು. ಊರಿನಲ್ಲಿಯೇ ವೈದ್ಯರ ಸಲಹೆ ಪಡೆದು ಬಳಸತಕ್ಕದ್ದು. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು ಹಾಗೂ ಗರ್ಭಿಣಿಯರು ವೈದ್ಯರ ಅಭಿಪ್ರಾಯವಿಲ್ಲದೆ ಪ್ರವಾಸ ಯೋಜಿಸಬಾರದು.

(ಈ) ಮದ್ಯಪಾನ ಹಾಗೂ ನಿದ್ರೆ ಮಾತ್ರೆಗಳನ್ನು ವರ್ಜಿಸತಕ್ಕದ್ದು.

ವೈದ್ಯಕೀಯ ನೆರವು ರೆಕಾಂಗ್ ಪಿಯೊ ಹಾಗೂ ಕಾಜಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಲಭ್ಯ. ತುರ್ತು ಸಂದರ್ಭಗಳಲ್ಲಿ 112 ಹಾಗೂ ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬಹುದು. ಆದರೆ ಲೋಸರ್‌ನಿಂದ ಗ್ರಾಂಫುವಿನವರೆಗೆ ಮೊಬೈಲ್ ಸಂಪರ್ಕವು ಬಹುತೇಕ ಇಲ್ಲದಿರುವುದರಿಂದ, ಈ ಭಾಗವನ್ನು ಒಬ್ಬರೇ ಕ್ರಮಿಸಬಾರದು. ಹೊರಡುವ ಮೊದಲು, ಮುಂದಿನ ತಂಗುದಾಣ ಹಾಗೂ ತಲುಪುವ ದಿನವನ್ನು ಮನೆಯವರಿಗೂ ತಂಗಿದ್ದ ಮನೆಯವರಿಗೂ ತಿಳಿಸತಕ್ಕದ್ದು.

9. ಸೈಕಲ್ ಮತ್ತು ಸಲಕರಣೆ

(ಅ) ಟೈರಿನ ಅಗಲ 40ರಿಂದ 50 ಮಿ.ಮೀ. ಇರುವುದು ಉತ್ತಮ. ಬಾತಲ್ – ಗ್ರಾಂಫು ಭಾಗಕ್ಕೆ ಅಗಲ ಹೆಚ್ಚಿದಷ್ಟೂ ಅನುಕೂಲ. ಸಾಧಾರಣ ಮೌಂಟನ್ ಬೈಕ್ ಸಹ ಈ ಮಾರ್ಗಗಳಿಗೆ ಯೋಗ್ಯವೇ ಆಗಿದ್ದು, ದುಬಾರಿ ಸೈಕಲ್ ಕೊಳ್ಳುವ ಅನಿವಾರ್ಯತೆಯಿಲ್ಲ.

(ಆ) ಅತಿ ಹಗುರ ಗೇರಿನಲ್ಲಿ ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನದು ದೊಡ್ಡದಾಗಿರತಕ್ಕದ್ದು. ಡಿಸ್ಕ್ ಬ್ರೇಕ್ ಇರುವುದು ಅಪೇಕ್ಷಣೀಯ.

(ಇ) ಕಣಿವೆಯಲ್ಲಿ ಇಂತಹ ಸೈಕಲ್ಲುಗಳ ಬಿಡಿಭಾಗಗಳು ದೊರೆಯುವುದಿಲ್ಲವೆಂದೇ ಭಾವಿಸಿ, ಟ್ಯೂಬುಗಳು, ಒಂದು ಹೆಚ್ಚುವರಿ ಟೈರ್, ಬ್ರೇಕ್ ಪ್ಯಾಡ್, ಚೈನಿನ ಕೊಂಡಿ, ಕಡ್ಡಿಗಳು, ಗೇರ್ ಕೇಬಲ್, ಪಂಪು ಹಾಗೂ ಪಂಕ್ಚರ್ ಸಾಮಗ್ರಿ ಒಯ್ಯತಕ್ಕದ್ದು. ಅವುಗಳನ್ನು ಬಳಸುವ ವಿಧಾನವನ್ನು ಊರಿನಲ್ಲಿಯೇ ಕಲಿತಿರತಕ್ಕದ್ದು.

(ಈ) ಹೆಲ್ಮೆಟ್, ತಂಪು ಕನ್ನಡಕ, ದಪ್ಪ ಕೈಗವಸು, ಉಣ್ಣೆಯ ಟೋಪಿ, ಮಳೆ ಅಂಗಿ, ಧೂಳಿಗೆ ಮುಖವಸ್ತ್ರ, ಎರಡು ದೀಪಗಳು ಹಾಗೂ ಕನಿಷ್ಠ 3 ಲೀಟರ್ ನೀರಿನ ವ್ಯವಸ್ಥೆ ಇರತಕ್ಕದ್ದು.

(ಉ) ಕಾಜಾದಲ್ಲಿ ಎಟಿಎಂ ಇದ್ದರೂ ಹಣ ಖಾಲಿಯಾಗಿರುವ ಸಂದರ್ಭಗಳಿರುವುದರಿಂದ, ಸಾಕಷ್ಟು ನಗದು ಇಟ್ಟುಕೊಳ್ಳತಕ್ಕದ್ದು.

10. ಕರ್ನಾಟಕದಿಂದ ತಲುಪುವ ವಿಧಾನ

ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ನಿಗದಿತ ದಿನಗಳಂದು ಸಂಚರಿಸುತ್ತದೆ. ಬೆಂಗಳೂರಿನಿಂದ ನವದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಮೂಲಕ ತೆರಳಿ, ಅಲ್ಲಿಂದ ಮುಂದುವರಿಯಲೂಬಹುದು. ಸೈಕಲ್ಲನ್ನು ರೈಲು ನಿಲ್ದಾಣದ ಪಾರ್ಸಲ್ ಕಚೇರಿಯಲ್ಲಿ ಪ್ರಯಾಣದ ಟಿಕೆಟ್ ತೋರಿಸಿ ಲಗೇಜ್ ಆಗಿ ಕಾಯ್ದಿರಿಸಬಹುದು. ಪೆಡಲು ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ರಟ್ಟು ಸುತ್ತಿ, ಹೆಸರು ಮತ್ತು ತಲುಪುವ ನಿಲ್ದಾಣವನ್ನು ಎರಡು ಕಡೆ ಬರೆದಿರತಕ್ಕದ್ದು. ಶಿಮ್ಲಾದಿಂದ ರೆಕಾಂಗ್ ಪಿಯೊಗೆ ಹಾಗೂ ಅಲ್ಲಿಂದ ಕಾಜಾಕ್ಕೆ ಹಿಮಾಚಲ ರಸ್ತೆ ಸಾರಿಗೆ ನಿಗಮದ ಬಸ್ಸುಗಳಿವೆ. ಮಾರ್ಗಮಧ್ಯೆ ಪ್ರವಾಸ ಕೈಬಿಡಬೇಕಾದವರಿಗೂ ಇದೇ ಬಸ್ಸು ಆಧಾರವಾಗಿದೆ.

11. ಸ್ಥಳೀಯ ಜನತೆ ಮತ್ತು ಪರಿಸರ

ಶೀತ ಮರುಭೂಮಿಯ ಮಣ್ಣಿನ ಮೇಲೆ ಬಿದ್ದ ಚಕ್ರದ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಆದುದರಿಂದ ರಸ್ತೆ ಬಿಟ್ಟು ಹುಲ್ಲುಗಾವಲು, ಹೊಲ ಅಥವಾ ನೀರು ಕಾಲುವೆಗಳ ಮೇಲೆ ಸೈಕಲ್ ಓಡಿಸಬಾರದು. ಕಾಲುವೆಯಲ್ಲಿ ಸೈಕಲ್ಲಾಗಲೀ ಬಟ್ಟೆಯಾಗಲೀ ತೊಳೆಯಬಾರದು. ಅದು ಗ್ರಾಮದ ವರ್ಷದ ಬೆಳೆಗೆ ಆಧಾರವಾದ ನೀರು. ತಾಬೊ ವಿಹಾರದ ಒಳಗೆ ಛಾಯಾಗ್ರಹಣ ನಿಷಿದ್ಧ. ಕಸವನ್ನು, ವಿಶೇಷವಾಗಿ ಪ್ಲಾಸ್ಟಿಕ್ ಹೊದಿಕೆಗಳನ್ನು ಹಾಗೂ ಹಳೆಯ ಟ್ಯೂಬುಗಳನ್ನು, ಹಿಂದಕ್ಕೆ ಒಯ್ಯತಕ್ಕದ್ದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹತ್ತು ದಿನಗಳ ರಜೆ ಮಾತ್ರ ಇದೆ. ಪೂರ್ಣ ಸುತ್ತು ಸಾಧ್ಯವೇ?
ಉತ್ತರ: ಸಾಧ್ಯವಿಲ್ಲ. ರೈಲು ಪ್ರಯಾಣವನ್ನು ಬಿಟ್ಟು ಹತ್ತು ದಿನಗಳಿದ್ದಲ್ಲಿ, ಮೇಲಿನ ಪಟ್ಟಿಯಂತೆ ಕಾಜಾವರೆಗೆ ಸೈಕಲ್ಲಿನಲ್ಲಿ ಹೋಗಿ ಬಸ್ಸಿನಲ್ಲಿ ಹಿಂದಿರುಗಬಹುದು.

ಪ್ರಶ್ನೆ: ತಂಡದಲ್ಲಿ ಒಬ್ಬರಿಗೆ ಮಾತ್ರ ತಲೆನೋವಿದೆ. ಉಳಿದವರು ಮುಂದೆ ಹೋಗಿ, ಅವರು ಮರುದಿನ ಬರಬಹುದೇ?
ಉತ್ತರ: ಕೂಡದು. ಕನಿಷ್ಠ ಒಬ್ಬರು ಜೊತೆಯಲ್ಲಿ ಉಳಿಯತಕ್ಕದ್ದು. ಎತ್ತರದ ಕಾಯಿಲೆ ಉಲ್ಬಣಿಸಿದಾಗ ರೋಗಿಗೆ ತನ್ನ ಸ್ಥಿತಿಯ ಅರಿವು ಇರುವುದಿಲ್ಲ.

ಪ್ರಶ್ನೆ: ಮನಾಲಿ ಕಡೆಯಿಂದಲೇ ಪ್ರವೇಶಿಸಬೇಕಾಗಿದೆ. ಏನು ಮಾಡಬೇಕು?
ಉತ್ತರ: ಮನಾಲಿಯಲ್ಲಿ ಎರಡು ರಾತ್ರಿ, ಛತ್ರು ಅಥವಾ ಅದೇ ಎತ್ತರದ ಸ್ಥಳದಲ್ಲಿ ಎರಡು ರಾತ್ರಿ ಹಾಗೂ ಬಾತಲ್‌ನಲ್ಲಿ ಎರಡು ರಾತ್ರಿ ತಂಗಿ, ಯಾವುದೇ ಲಕ್ಷಣಗಳಿಲ್ಲದಿದ್ದಲ್ಲಿ ಮಾತ್ರ ಕುಂಜುಮ್ ಏರತಕ್ಕದ್ದು.

13. ಹೊರಡುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(1) ಪ್ರತಿ ರಾತ್ರಿ ತಂಗುವ ಸ್ಥಳದ ಎತ್ತರವನ್ನು ಬರೆದ ಪಟ್ಟಿ ಸಿದ್ಧವಾಗಿದೆಯೇ?
(2) ಪಟ್ಟಿಯಲ್ಲಿ ವಿಶ್ರಾಂತಿ ದಿನಗಳು ಹಾಗೂ ಎರಡು ಹೆಚ್ಚುವರಿ ದಿನಗಳಿವೆಯೇ?
(3) ಗುರುತಿನ ಚೀಟಿ ಅಥವಾ ಪರವಾನಗಿ ದಾಖಲೆಗಳ ಎರಡು ನಕಲುಗಳಿವೆಯೇ?
(4) ವೈದ್ಯರ ಸಲಹೆ ಪಡೆಯಲಾಗಿದೆಯೇ? ವಿಮೆಯು 4,500 ಮೀ. ಎತ್ತರಕ್ಕೂ ಅನ್ವಯಿಸುತ್ತದೆಯೇ?
(5) ರಸ್ತೆ ಹಾಗೂ ಹವಾಮಾನದ ಸ್ಥಿತಿಯನ್ನು ಸ್ಥಳೀಯ ಜಿಲ್ಲಾಡಳಿತದಿಂದ ತಿಳಿದುಕೊಳ್ಳಲಾಗಿದೆಯೇ?
(6) ಯಾವ ಸ್ಥಳದಿಂದ, ಯಾವ ಸ್ಥಿತಿಯಲ್ಲಿ ಹಿಂದಿರುಗಬೇಕೆಂದು ತಂಡದ ಎಲ್ಲ ಸದಸ್ಯರು ಮೊದಲೇ ಒಪ್ಪಿಕೊಂಡಿದ್ದಾರೆಯೇ?

ಆರನೆಯ ಅಂಶವನ್ನು ಊರಿನಲ್ಲಿಯೇ ನಿರ್ಧರಿಸಿಕೊಳ್ಳುವುದು ಅತ್ಯವಶ್ಯ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ದಣಿದ ಸ್ಥಿತಿಯಲ್ಲಿ, ಇಂತಹ ತೀರ್ಮಾನವನ್ನು ಸರಿಯಾಗಿ ಕೈಗೊಳ್ಳುವುದು ಕಷ್ಟಸಾಧ್ಯ. ರಸ್ತೆಯು ಮುಂದಿನ ವರ್ಷವೂ ತೆರೆಯುತ್ತದೆ ಎಂಬುದನ್ನು ಮನಗಂಡು, ಅಗತ್ಯವೆನಿಸಿದಲ್ಲಿ ಹಿಂದಿರುಗಲು ಹಿಂಜರಿಯಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.